ಹಳೆಯ ಕ್ಯಾಲೆಂಡರಿನಲ್ಲಿ ಮಡಚಿದ ಪ್ರೋಟೀನು

ಬಿ.ಎಸ್‌ಸಿ. ಎರಡನೆಯ ವರ್ಷದ ಮೊದಲ ಆಂತರಿಕ ಪರೀಕ್ಷೆಯಲ್ಲಿ ಜೀವರಸಾಯನಶಾಸ್ತ್ರಕ್ಕೆ ನನಗೆ ಬಂದದ್ದು 20ಕ್ಕೆ 6 ಅಂಕ. ಪ್ರೋಟೀನಿನ ಪ್ರಾಥಮಿಕ ಮತ್ತು ದ್ವಿತೀಯಕ ರಚನೆಗಳನ್ನು, ಅಂದರೆ ಅಮೈನೊ ಆಮ್ಲಗಳನ್ನು ಪೋಣಿಸಿದ ಸರಪಳಿಯ ಕ್ರಮವನ್ನೂ ಆ ಸರಪಳಿ ಮಡಚಿಕೊಳ್ಳುವ ಬಗೆಯನ್ನೂ, ವಿವರಿಸಬೇಕಾಗಿದ್ದ ಪ್ರಶ್ನೆಗೆ ನಾನು ಮೂರು ಪುಟ ತುಂಬಿಸಿದ್ದೆ. ಮೇಡಂ ಅದರಲ್ಲಿ ಎರಡೇ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆದು, ಉಳಿದದ್ದನ್ನು ಓದುವ ಅಗತ್ಯವಿಲ್ಲವೆಂಬಂತೆ ಬಿಟ್ಟಿದ್ದರು. ಮೊಟ್ಟೆಯನ್ನು ಬೇಯಿಸಿದಾಗ ಅದರ ಪ್ರೋಟೀನಿನ ಪ್ರಾಥಮಿಕ ರಚನೆ ಒಡೆದುಹೋಗುತ್ತದೆ ಎಂಬುದು ಮೊದಲನೆಯ ವಾಕ್ಯ. ಅಂಥ ಮಡಿಕೆಗಳಲ್ಲೊಂದಾದ ಆಲ್ಫಾ ಸುರುಳಿಯನ್ನು ಹಿಡಿದಿಡುವುದು ಅಮೈನೊ ಆಮ್ಲಗಳ ಪಾರ್ಶ್ವ ಗುಂಪುಗಳ ನಡುವಿನ ಹೈಡ್ರೋಜನ್ ಬಂಧ ಎಂಬುದು ಎರಡನೆಯದು. ಇವೆರಡೂ ತಪ್ಪು ಎಂಬುದು ಅಂದೇ ತಿಳಿಯಿತು. ಏಕೆ ತಪ್ಪು ಎಂಬುದು ತಿಳಿಯಲು ಸುಮಾರು ಎರಡು ತಿಂಗಳು ಹಿಡಿಯಿತು, ಮತ್ತು ಅದು ತಿಳಿದದ್ದು ಬಳ್ಳಾರಿಯ ತರಗತಿಗಿಂತ ಹೆಚ್ಚಾಗಿ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಬಳ್ಳಾರಿಯ ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ ಬಂದಾಗ, ಪದಗಳನ್ನು ಉರು ಹೊಡೆದು ಒಪ್ಪಿಸುವುದನ್ನು ಬಿಟ್ಟರೆ ಬೇರೆ ದಾರಿ ಕಂಡಿರಲಿಲ್ಲ. ಶನಿವಾರ ಸಂಜೆ ಹಾಸ್ಟೆಲ್ಲಿನಿಂದ ಹೊರಟು ತೋರಣಗಲ್ಲು, ಹೊಸಪೇಟೆ, ಮುನಿರಾಬಾದ್ ದಾಟಿ ಕೊಪ್ಪಳಕ್ಕೆ ಬರುವ ರೈಲಿನಲ್ಲಿ ನಾನು ವ್ಯಾಖ್ಯೆಗಳನ್ನು ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಿದ್ದೆ. ತುಂಗಭದ್ರೆಯ ಸೇತುವೆಯ ಸದ್ದಿಗೆ ಕಣ್ಣು ತೆರೆದಾಗ ಅರ್ಧ ಮರೆತಿರುತ್ತಿತ್ತು. ಪ್ರಾಥಮಿಕ ರಚನೆ ಎಂದರೆ ಅಮೈನೊ ಆಮ್ಲಗಳ ಅನುಕ್ರಮ ಎಂಬ ಮಾತನ್ನು ನೂರು ಸಲ ಹೇಳಿಕೊಂಡಿದ್ದರೂ, ಅನುಕ್ರಮಕ್ಕೆ ಒಂದು ತಲೆ ಮತ್ತು ಒಂದು ಬಾಲ ಇರುತ್ತದೆ ಎಂಬುದು ನನ್ನ ಮನಸ್ಸಿಗೆ ಬಂದಿರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಅವ್ವ, ಅದೂ ಆಕೆಗೆ ತಿಳಿಯದ ಹಾಗೆ. ಭಾಗ್ಯನಗರದಲ್ಲಿ ಮಗ್ಗಗಳಿವೆ, ಕೂದಲಿನ ವ್ಯಾಪಾರವೂ ಇದೆ. ಹೆಂಗಸರ ಬಾಚಣಿಗೆಯಲ್ಲಿ ಉಳಿದು ಉಂಡೆಯಾದ ಕೂದಲು ಚೀಲಗಟ್ಟಲೆ ಬರುತ್ತದೆ. ಅದನ್ನು ಬಿಡಿಸಿ, ತೊಳೆದು, ಮೊಳೆ ನೆಟ್ಟ ಹಲಗೆಯಲ್ಲಿ ಹಿಕ್ಕಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಅವ್ವ ಮನೆಗೆಲಸ ಮುಗಿದ ಮೇಲೆ ಈ ಬಿಡಿಸುವ ಕೆಲಸಕ್ಕೆ ಕೂಡುತ್ತಾಳೆ. ಆ ಭಾನುವಾರ ನಾನೂ ಜೊತೆಗೆ ಕುಳಿತು ಒಂದು ಹಿಡಿ ಎಳೆಗಳನ್ನು ಸಿಕ್ಕಂತೆ ಜೋಡಿಸಿ ಕೊಟ್ಟಾಗ ಆಕೆ ಅದನ್ನು ಬೆರಳ ನಡುವೆ ಒಮ್ಮೆ ಜಾರಿಸಿ ನೋಡಿ, "ಬುಡ ಯಾವುದು ತುದಿ ಯಾವುದು ನೋಡಿದೇನವ್ವಾ? ಹಿಂದು ಮುಂದು ಕೂಡಿಸಿದ್ರ ಎಲ್ಲಾ ಗಂಟಾಗತೈತಿ," ಎಂದಳು. ಕೂದಲಿನ ಮೇಲ್ಮೈಯಲ್ಲಿರುವ ಹುರುಪೆಗಳು ಬುಡದಿಂದ ತುದಿಯ ಕಡೆಗೆ ಹೆಂಚಿನಂತೆ ಒಂದರ ಮೇಲೊಂದು ಮಲಗಿರುತ್ತವೆ. ತಿರುವುಮುರುವಾದ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಎರಡೂ ತುದಿ ಒಂದೇ ಬಗೆಯಾಗಿ ಕಾಣುವ ಎಳೆಗೆ ದಿಕ್ಕು ಇದೆ ಎಂದು ಬೆರಳಿಗೆ ತಿಳಿದಾಗ, ಪುಸ್ತಕದ ಚಿತ್ರದಲ್ಲಿ ಎಡಕ್ಕೆ ಅಮೈನೊ ತುದಿ, ಬಲಕ್ಕೆ ಕಾರ್ಬಾಕ್ಸಿಲ್ ತುದಿ ಎಂದು ಏಕೆ ಪ್ರತಿ ಸಲವೂ ಬರೆದಿರುತ್ತಾರೆ ಎಂಬುದು ಹೊಳೆಯಿತು.

ಪ್ರತಿ ಅಮೈನೊ ಆಮ್ಲದ ಮಧ್ಯದಲ್ಲಿ ಆಲ್ಫಾ ಕಾರ್ಬನ್ ಎಂಬ ಒಂದು ಪರಮಾಣು ಇದೆ. ಅದಕ್ಕೆ ಒಂದು ಕಡೆ ಅಮೈನೊ ಗುಂಪು, ಇನ್ನೊಂದು ಕಡೆ ಕಾರ್ಬಾಕ್ಸಿಲ್ ಗುಂಪು, ಮೂರನೆಯದಾಗಿ ಒಂದು ಹೈಡ್ರೋಜನ್, ನಾಲ್ಕನೆಯದಾಗಿ ಪಾರ್ಶ್ವ ಗುಂಪು ಅಂಟಿಕೊಂಡಿರುತ್ತವೆ. ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಕಾಣುವ 20 ಅಮೈನೊ ಆಮ್ಲಗಳ ನಡುವಿನ ವ್ಯತ್ಯಾಸವೆಲ್ಲ ಈ ಪಾರ್ಶ್ವ ಗುಂಪಿನದೇ. ಗ್ಲೈಸಿನ್‌ನಲ್ಲಿ ಅದು ಬರಿಯ ಇನ್ನೊಂದು ಹೈಡ್ರೋಜನ್, ಪ್ರೋಲಿನ್‌ನಲ್ಲಿ ಅದು ಹಿಂದಕ್ಕೆ ಬಾಗಿ ತನ್ನದೇ ನೈಟ್ರೋಜನ್ನನ್ನು ಹಿಡಿದುಕೊಂಡ ಉಂಗುರ. ಒಂದರ ಕಾರ್ಬಾಕ್ಸಿಲ್ ಮತ್ತು ಮುಂದಿನದರ ಅಮೈನೊ ಗುಂಪು ಸೇರಿ, ಒಂದು ನೀರಿನ ಅಣು ಹೊರಬಿದ್ದು, ಪೆಪ್ಟೈಡ್ ಬಂಧವಾಗುತ್ತದೆ. ಹೀಗೆ ಎಷ್ಟೇ ಉದ್ದಕ್ಕೆ ಪೋಣಿಸಿದರೂ ಸಾಮಾನ್ಯ ಸರಪಳಿಯ ಒಂದು ತುದಿಯಲ್ಲಿ ಜೋಡಣೆಯಾಗದ ಅಮೈನೊ ಗುಂಪು, ಇನ್ನೊಂದು ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪು ಉಳಿಯುತ್ತವೆ. ಆದ್ದರಿಂದ ಗ್ಲೈಸಿನ್–ಅಲನಿನ್ ಬೇರೆ, ಅಲನಿನ್–ಗ್ಲೈಸಿನ್ ಬೇರೆ. ಎರಡು ಸ್ಥಾನಗಳಿಗೆ 400, ಮೂರು ಸ್ಥಾನಗಳಿಗೆ 8,000 ಬಗೆಯ ಜೋಡಣೆಗಳು ಸಾಧ್ಯ ಎಂಬ ಲೆಕ್ಕವನ್ನು ನಾನು ಅಂದು ಅವ್ವನ ಎದುರೇ ಕಟ್ಟಿನ ಚೀಟಿಯ ಹಿಂದೆ ಮಾಡಿದೆ.

ಮುಂದಿನ ವಾರ ಮೇಡಂ ಸ್ಯಾಂಗರ್ ಅವರ ಕೆಲಸವನ್ನು ಹೇಳಿದಾಗ ಹಾಗಾಗಿ ನನಗೆ ಹಿಡಿಯಲು ಒಂದು ತುದಿ ಸಿಕ್ಕಿತ್ತು. ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಫ್ರೆಡರಿಕ್ ಸ್ಯಾಂಗರ್ ದನದ ಇನ್ಸುಲಿನ್ನಿನ ಅನುಕ್ರಮವನ್ನು ಕಂಡುಹಿಡಿದದ್ದು ಮೊದಲು ಆ ಅಮೈನೊ ತುದಿಗೆ ಹಳದಿ ಬಣ್ಣದ ಗುರುತು ಅಂಟಿಸುವುದರಿಂದ. ಆಮ್ಲದಲ್ಲಿ ಕುದಿಸಿ ಸರಪಳಿಯನ್ನು ಬಿಡಿಬಿಡಿ ಮಾಡಿದರೂ ಆ ಗುರುತು ಉಳಿಯುತ್ತದೆ. ಯಾವ ಅಮೈನೊ ಆಮ್ಲ ಹಳದಿಯಾಗಿದೆಯೋ ಅದೇ ಮೊದಲನೆಯದು. ನಂತರ ಸರಪಳಿಯನ್ನು ಬೇರೆಬೇರೆ ರೀತಿಯಲ್ಲಿ ತುಂಡರಿಸಿ, ಒಂದು ತುಂಡಿನ ಕೊನೆ ಇನ್ನೊಂದರ ಮೊದಲಿಗೆ ಹೊಂದುವುದನ್ನು ನೋಡಿ ಜೋಡಿಸುತ್ತ ಹೋದರು. 30 ಅಮೈನೊ ಆಮ್ಲಗಳ ಬಿ ಸರಪಳಿ, 21ರ ಎ ಸರಪಳಿ, ಅವುಗಳನ್ನು ಹೊಲಿದಿರುವ ಗಂಧಕದ ಸೇತುವೆಗಳು – ಎಲ್ಲವೂ 1955ರ ಹೊತ್ತಿಗೆ ತಿಳಿದವು, 1958ರಲ್ಲಿ ಅವರಿಗೆ ನೊಬೆಲ್ ಬಂತು. ಪ್ರತಿ ಪ್ರೋಟೀನಿಗೂ ನಿರ್ದಿಷ್ಟವಾದ ಒಂದೇ ಅನುಕ್ರಮವಿರುತ್ತದೆ ಎಂಬುದು ಅದಕ್ಕೆ ಮೊದಲು ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಹಿಮೊಗ್ಲೋಬಿನ್ನಿನ 146 ಅಮೈನೊ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದ ಗ್ಲುಟಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಸಾಕು, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ.

ಇಲ್ಲಿ ನನ್ನ ಮೊದಲ ತಪ್ಪು ತಾನಾಗಿ ಬಯಲಾಯಿತು. ಪ್ರೋಟೀನಿನ ಪೆಪ್ಟೈಡ್ ಬಂಧಗಳನ್ನೆಲ್ಲ ಬಿಡಿಸಬೇಕಾದರೆ ಪ್ರಯೋಗಾಲಯದಲ್ಲಿ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಹಗಲು ಒಂದು ರಾತ್ರಿ ಇಡಬೇಕಾಗುತ್ತದೆ. ಹತ್ತು ನಿಮಿಷ ನೀರಿನಲ್ಲಿ ಕುದಿದ ಮೊಟ್ಟೆಯಲ್ಲಿ ಅಂಥದ್ದೇನೂ ಆಗುವುದಿಲ್ಲ. ಬಿಚ್ಚಿಕೊಳ್ಳುವುದು ಮಡಿಕೆ, ಬಿಚ್ಚಿದ ಸರಪಳಿಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಳಿ ಗಟ್ಟಿಯಾಗುತ್ತವೆ. ಅನುಕ್ರಮ ಇದ್ದ ಹಾಗೆಯೇ ಇರುತ್ತದೆ. ಪ್ರೋಟೀನನ್ನು ಗುರುತಿಸುವ ಬೈಯುರೆಟ್ ಪರೀಕ್ಷೆಯ ದಿನ ನಾನು ಹಸಿ ಮೊಟ್ಟೆಯ ಬಿಳಿಯನ್ನೂ, ಬೆಂದ ಬಿಳಿಯನ್ನು ಕ್ಷಾರದಲ್ಲಿ ಅರೆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ನೇರಳೆಗೆ ತಿರುಗಿದವು. ಆ ಬಣ್ಣ ತಾಮ್ರ ಮತ್ತು ಪೆಪ್ಟೈಡ್ ಬಂಧಗಳು ಸೇರಿ ಕೊಡುವ ಬಣ್ಣ. ಬಂಧ ಒಡೆದಿದ್ದರೆ ಅದು ಬರುತ್ತಿರಲಿಲ್ಲ.

ಎರಡನೆಯ ತಪ್ಪು ಅಷ್ಟು ಸುಲಭವಾಗಿ ಬಿಡಲಿಲ್ಲ. ಸುರುಳಿಯ ಚಿತ್ರವನ್ನು ಎಷ್ಟು ನೋಡಿದರೂ ಅದು ಬಣ್ಣದ ರಿಬ್ಬನ್ನಾಗಿಯೇ ಕಾಣುತ್ತಿತ್ತು. ಮೇಡಂ ಒಂದು ದಿನ ಪಾಠದ ನಡುವೆ, ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1948ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆಗಡಿಯಿಂದ ಮಲಗಿದ್ದಾಗ ಕಾಗದದ ಮೇಲೆ ಸರಪಳಿಯನ್ನು ಬರೆದು, ಮಡಚಿ, ಆಲ್ಫಾ ಸುರುಳಿಯನ್ನು ಕಂಡುಕೊಂಡರು ಎಂದು ಹೇಳಿ ಮುಂದಕ್ಕೆ ಹೋದರು. ಮುಂದಿನ ಪಾಠ ನನ್ನ ಕಿವಿಗೆ ಬೀಳಲಿಲ್ಲ. ಕಾಗದದಲ್ಲಿ ಆಗುವುದಾದರೆ ನಮ್ಮ ಮನೆಯಲ್ಲಿಯೂ ಆಗಬೇಕು.

ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಗಳನ್ನು ಅಂಟಿಸಿ, 70 ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದದ ಪಟ್ಟಿ ಮಾಡಿದೆ. ಒಂದು ಆಂಗ್‌ಸ್ಟ್ರಾಮ್ ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ಅದನ್ನು ಒಂದು ಸೆಂಟಿಮೀಟರಿಗೆ ಹಿಗ್ಗಿಸಿಕೊಂಡೆ. ಒಂದು ಆಲ್ಫಾ ಕಾರ್ಬನ್ನಿನಿಂದ ಮುಂದಿನದಕ್ಕೆ 3.8 ಸೆಂಟಿಮೀಟರ್, ಒಟ್ಟು 19 ಆಲ್ಫಾ ಕಾರ್ಬನ್ನುಗಳು. ಇಲ್ಲಿ ಮಡಚುವ ನಿಯಮವೇ ಎಲ್ಲ. ಪೆಪ್ಟೈಡ್ ಬಂಧವನ್ನು ಏಕಬಂಧವೆಂದು ಬರೆಯುತ್ತೇವಾದರೂ ಅದಕ್ಕೆ ಅರೆ ದ್ವಿಬಂಧದ ಗುಣವಿದೆ. ಸಾಮಾನ್ಯ ಕಾರ್ಬನ್–ನೈಟ್ರೋಜನ್ ಏಕಬಂಧ ಸುಮಾರು 1.47 ಆಂಗ್‌ಸ್ಟ್ರಾಮ್ ಇದ್ದರೆ ಇದು ಸುಮಾರು 1.33 ಮಾತ್ರ. ಆದ್ದರಿಂದ ಆ ಬಂಧದ ಸುತ್ತ ತಿರುಗಲು ಬಿಡುವಿಲ್ಲ, ಎರಡು ಆಲ್ಫಾ ಕಾರ್ಬನ್ನುಗಳೂ ಅವುಗಳ ನಡುವಿನ ಪರಮಾಣುಗಳೂ ಒಂದೇ ಸಮತಲದಲ್ಲಿ ಬಿಲ್ಲೆಯಂತೆ ಬಿಗಿಯಾಗಿರುತ್ತವೆ. ತಿರುಗುವುದು, ಬಾಗುವುದು ಏನಿದ್ದರೂ ಆಲ್ಫಾ ಕಾರ್ಬನ್ನಿನ ಬಳಿಯಲ್ಲೇ. ಕೇಂಬ್ರಿಜ್‌ನ ಬ್ರ್ಯಾಗ್, ಕೆಂಡ್ರ್ಯೂ ಮತ್ತು ಪೆರುಟ್ಜ್ 1950ರಲ್ಲಿ ಪ್ರಕಟಿಸಿದ ಮಾದರಿಗಳಲ್ಲಿ ಈ ಬಿಗಿತವನ್ನು ಗಮನಿಸದೆ ಸರಿಯಾದ ಸುರುಳಿಯನ್ನು ತಪ್ಪಿಸಿಕೊಂಡರಂತೆ. ಕ್ಯಾಲೆಂಡರಿನ ಹಾಳೆ ಆ ತಪ್ಪು ಮಾಡಲು ಬಿಡುವುದಿಲ್ಲ. ಗೆರೆಯಿಲ್ಲದ ಕಡೆ ಅದು ಬಾಗುವುದೇ ಇಲ್ಲ.

ಮೊದಲು ನಾನು ಆಲ್ಫಾ ಕಾರ್ಬನ್ನುಗಳ ಮೇಲೆ ಪಟ್ಟಿಗೆ ಅಡ್ಡಲಾಗಿ ನೇರ ಗೆರೆ ಹಾಕಿ ಮಡಚಿದೆ. ಪಟ್ಟಿ ಸುತ್ತಿ ಬಂದು ತನ್ನ ಮೇಲೆ ತಾನೇ ಕುಳಿತು ಬಳೆಯಾಯಿತು. ಗೆರೆಗಳನ್ನು ಓರೆಯಾಗಿ, ಆದರೆ ಎಲ್ಲವನ್ನೂ ಒಂದಕ್ಕೊಂದು ಸಮಾನಾಂತರವಾಗಿ ಹಾಕಿ, ಪ್ರತಿ ಮಡಿಕೆಯನ್ನೂ ಒಂದೇ ಕಡೆಗೆ ಒಂದೇ ಕೋನದಲ್ಲಿ ಬಾಗಿಸಿದಾಗ ಪಟ್ಟಿ ಮೇಲೇಳುತ್ತ ಸುರುಳಿಯಾಯಿತು. ಆ ಸುರುಳಿ ಎಡಗೈಯದಾಗಿತ್ತು. ಹೆಬ್ಬೆರಳನ್ನು ಮೇಲಕ್ಕೆ ಹಿಡಿದರೆ ಉಳಿದ ಬೆರಳುಗಳು ಸುತ್ತುವ ದಿಕ್ಕಿನಲ್ಲಿ ಏರುತ್ತ ಹೋಗುವ ಸುರುಳಿ ಯಾವ ಕೈಗೆ ಹೊಂದುತ್ತದೆಯೋ ಅದು ಆ ಕೈಯ ಸುರುಳಿ. ಪ್ರೋಟೀನುಗಳಲ್ಲಿ ಕಾಣುವುದು ಬಲಗೈಯದು, ಏಕೆಂದರೆ ಜೀವಿಗಳ ಎಲ್ ಬಗೆಯ (ಕನ್ನಡಿಯ ಬಿಂಬದಂತಿರುವ ಎರಡು ರೂಪಗಳಲ್ಲಿ ಒಂದಾದ) ಅಮೈನೊ ಆಮ್ಲಗಳ ಪಾರ್ಶ್ವ ಗುಂಪುಗಳು ಎಡಗೈ ಸುರುಳಿಯಲ್ಲಿ ಸರಪಳಿಯ ಬೆನ್ನೆಲುಬಿಗೆ, ಅಂದರೆ ಪಾರ್ಶ್ವ ಗುಂಪುಗಳನ್ನು ಬಿಟ್ಟು ಉಳಿದ ಭಾಗಕ್ಕೆ, ಒತ್ತುತ್ತವೆ. ಎಲ್ಲ ಮಡಿಕೆಗಳನ್ನೂ ಹಿಂದಕ್ಕೆ ತಿರುಗಿಸಿ ಬಲಗೈಯದು ಮಾಡಿದೆ. ಪೌಲಿಂಗ್, ಕೋರಿ ಮತ್ತು ಬ್ರ್ಯಾನ್ಸನ್ 1951ರಲ್ಲಿ ಪ್ರಕಟಿಸಿದ ಲೇಖನದ ಚಿತ್ರದಲ್ಲಿಯೂ ಸುರುಳಿ ಎಡಗೈಯದಾಗಿತ್ತು ಎಂದು ಬಹಳ ದಿನಗಳ ನಂತರ ಓದಿ ನನಗಾದ ಸಮಾಧಾನವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸುರುಳಿ ನಿಂತ ಮೇಲೆ ಹೈಡ್ರೋಜನ್ ಬಂಧಗಳನ್ನು, ಅಂದರೆ ಒಂದು ಕಡೆಯ ಹೈಡ್ರೋಜನ್ನಿಗೂ ಇನ್ನೊಂದು ಕಡೆಯ ಆಕ್ಸಿಜನ್ನಿಗೂ ನಡುವಿನ ಸಡಿಲ ಸೆಳೆತಗಳನ್ನು, ನೂಲಿನಿಂದ ಕಟ್ಟಬೇಕಿತ್ತು. ಪಟ್ಟಿಯ ಮೇಲೆ ಬರೆದಿದ್ದ ಪ್ರತಿ ಆಕ್ಸಿಜನ್ನಿನಿಂದ ಅದರ ನೇರ ಮೇಲಿರುವ ನೈಟ್ರೋಜನ್–ಹೈಡ್ರೋಜನ್‌ಗೆ ಒಂದು ಕೆಂಪು ಎಳೆ. ಮೊದಲ ಸಲ ಒಂದನೆಯ ಅಮೈನೊ ಆಮ್ಲವನ್ನು ನಾಲ್ಕನೆಯದಕ್ಕೆ ಕಟ್ಟಿ, ಸುರುಳಿ ತೀರ ಬಿಗಿದುಕೊಂಡು ಸೊರಗಿದಾಗ ತಪ್ಪು ಗೊತ್ತಾಯಿತು. ಅಂಥ ಬಿಗಿಯಾದ ಸುರುಳಿಯೂ ಪ್ರೋಟೀನುಗಳಲ್ಲಿ ಅಲ್ಲಲ್ಲಿ ತುಣುಕುಗಳಾಗಿ ಇರುತ್ತದೆ ಎಂದು ಮೇಡಂ ಹೇಳಿದರು, ಆದರೆ ಅದು ಆಲ್ಫಾ ಅಲ್ಲ. ಆಲ್ಫಾದಲ್ಲಿ ಒಂದನೆಯದರ ಆಕ್ಸಿಜನ್ ಹಿಡಿಯುವುದು ಐದನೆಯದರ ಹೈಡ್ರೋಜನ್ನನ್ನು, ಎರಡನೆಯದರದು ಆರನೆಯದನ್ನು. ಓರೆಯನ್ನು ತಿದ್ದಿ, ಆಕ್ಸಿಜನ್ನಿಗೂ ನೈಟ್ರೋಜನ್ನಿಗೂ ನಡುವೆ 3 ಸೆಂಟಿಮೀಟರಿಗೆ ತುಸು ಕಡಿಮೆ ಅಂತರ ಬರುವಂತೆ ಮಾಡಿ, ಎಳೆಗಳನ್ನೆಲ್ಲ ಬಿಗಿದಾಗ ಅವು ಸುರುಳಿಯ ಅಕ್ಷಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ನಿಂತವು. ಐದು ಸುತ್ತು ಮುಗಿದಾಗ 19ನೆಯ ಆಲ್ಫಾ ಕಾರ್ಬನ್ ಒಂದನೆಯದರ ನೇರ ಮೇಲಕ್ಕೆ ಬಂದಿತ್ತು. ಅಂದರೆ ಐದು ಸುತ್ತಿಗೆ 18, ಒಂದು ಸುತ್ತಿಗೆ 3.6. ಒಂದೊಂದಕ್ಕೆ 1.5 ಆಂಗ್‌ಸ್ಟ್ರಾಮ್ ಏರಿದರೆ ಸುತ್ತಿಗೆ 5.4. ಸುತ್ತಿಗೆ ಪೂರ್ಣ ಸಂಖ್ಯೆಯೇ ಬರಬೇಕು ಎಂಬ ನಂಬಿಕೆ ಆಗಿನ ಸ್ಫಟಿಕ ವಿಜ್ಞಾನಿಗಳಲ್ಲಿತ್ತು. ಪೌಲಿಂಗ್ ಅದನ್ನು ಕೈಬಿಟ್ಟದ್ದರಿಂದಲೇ ಅವರ ಕಾಗದ ಸರಿಯಾಗಿ ಮಡಚಿಕೊಂಡಿತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ನಾನು ಬರೆಯದೆ ಬಿಟ್ಟಿದ್ದ ಭಾಗ. ಜಾಗ ಸಾಲದೆಂದು ಪಟ್ಟಿಯ ಮೇಲೆ ಯಾವ ಪಾರ್ಶ್ವ ಗುಂಪನ್ನೂ ನಾನು ಬರೆದಿರಲೇ ಇಲ್ಲ. ಆದರೂ ಎಲ್ಲ ಹೈಡ್ರೋಜನ್ ಬಂಧಗಳನ್ನೂ ಕಟ್ಟಿ ಮುಗಿಸಿದ್ದೆ! ಕಟ್ಟಿದ್ದು ಬೆನ್ನೆಲುಬಿನ ಆಕ್ಸಿಜನ್ನನ್ನು ಬೆನ್ನೆಲುಬಿನ ಹೈಡ್ರೋಜನ್ನಿಗೆ. ಪ್ರೋಲಿನ್ ಒಂದನ್ನು ಬಿಟ್ಟರೆ ಅವು ಉಳಿದ 19 ಅಮೈನೊ ಆಮ್ಲಗಳಿಗೂ ಸಮಾನವಾದವು. ಪಾರ್ಶ್ವ ಗುಂಪುಗಳು ಹೊರಗೆ ಚಾಚಿಕೊಂಡು, ಈ ಮಡಿಕೆ ತಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ನಿರ್ಧರಿಸುತ್ತವೆ. ಅಲನಿನ್‌ಗೆ ಒಗ್ಗುತ್ತದೆ, ಪ್ರೋಲಿನ್‌ನ ನೈಟ್ರೋಜನ್ನಿನಲ್ಲಿ ಕಟ್ಟಲು ಹೈಡ್ರೋಜನ್ನೇ ಇಲ್ಲವಾದ್ದರಿಂದ ಅದು ನಡುವೆ ಬಂದರೆ ಸುರುಳಿ ಮುರಿಯುತ್ತದೆ ಅಥವಾ ಬಾಗುತ್ತದೆ. ಉತ್ತರಪತ್ರಿಕೆಯ ಎರಡನೆಯ ಕೆಂಪು ಗೆರೆಯ ಅರ್ಥ ಇಷ್ಟೇ ಆಗಿತ್ತು.

ಅದೇ ಅಳತೆಯ ಇನ್ನೊಂದು ಪಟ್ಟಿಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಚುತ್ತ ಹೋದೆ. ಅದು ಸುತ್ತಿಕೊಳ್ಳದೆ ಸೀರೆಯ ನಿರಿಗೆಯಂತೆ ಚಾಚಿಕೊಂಡಿತು. ಇಲ್ಲಿ ತನ್ನೊಳಗೆ ತಾನು ಕಟ್ಟಿಕೊಳ್ಳಲು ಬರುವುದಿಲ್ಲ. ಆಕ್ಸಿಜನ್ನುಗಳೂ ಹೈಡ್ರೋಜನ್ನುಗಳೂ ಅಕ್ಕಪಕ್ಕಕ್ಕೆ ಚಾಚಿ, ಪಕ್ಕದಲ್ಲಿ ಮಲಗಿದ ಇನ್ನೊಂದು ಪಟ್ಟಿಯನ್ನು ಕಾಯುತ್ತವೆ. ಹಾಗೆ ಪಟ್ಟಿಗಳು ಸಾಲಾಗಿ ಸೇರಿದರೆ ಬೀಟಾ ಹಾಳೆ. ಎರಡೂ ಪಟ್ಟಿಗಳ ಅಮೈನೊ ತುದಿ ಒಂದೇ ಕಡೆಗಿದ್ದರೆ ಸಮಾನಾಂತರ, ಎದುರುಬದುರಾಗಿದ್ದರೆ ಪ್ರತಿಸಮಾನಾಂತರ. ಅವ್ವನ ಬುಡ–ತುದಿ ಇಲ್ಲಿ ಮತ್ತೆ ಬಂತು, ಆದರೆ ಇಲ್ಲಿ ಎದುರುಬದುರಾದರೂ ಗಂಟಾಗುವುದಿಲ್ಲ, ಬಂಧಗಳು ಇನ್ನಷ್ಟು ನೇರವಾಗುತ್ತವೆ. ಒಂದು ಅಮೈನೊ ಆಮ್ಲಕ್ಕೆ ಸುಮಾರು 3.5 ಆಂಗ್‌ಸ್ಟ್ರಾಮ್ ಉದ್ದ, ಅಂದರೆ ಸುರುಳಿಯಲ್ಲಿದ್ದದ್ದಕ್ಕಿಂತ ಎರಡರಷ್ಟಕ್ಕೂ ಹೆಚ್ಚು. ಇವೆರಡನ್ನು ಬಿಟ್ಟು ಬೇರೆ ಕೋನಗಳಲ್ಲಿ ಮಡಚಲು ನೋಡಿದಾಗ ಬಹುಪಾಲು ಕಡೆ ಪರಮಾಣುಗಳು ಒಂದರ ಮೇಲೊಂದು ಬಂದು ಡಿಕ್ಕಿ ಹೊಡೆಯುತ್ತವೆ. ಆಲ್ಫಾ ಕಾರ್ಬನ್ನಿನ ಎರಡು ಪಕ್ಕದ ಕೋನಗಳಲ್ಲಿ ಯಾವ ಜೋಡಿಗಳಿಗೆ ಅವಕಾಶವಿದೆ, ಯಾವುದಕ್ಕೆ ಇಲ್ಲ ಎಂದು ಲೆಕ್ಕ ಹಾಕಿ 1963ರಲ್ಲಿ ನಕ್ಷೆ ಬರೆದವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಇಂದಿಗೂ ಹೊಸ ಪ್ರೋಟೀನ್ ರಚನೆಯನ್ನು ಪರೀಕ್ಷಿಸುವವರು ಆ ನಕ್ಷೆಯನ್ನೇ ಬಿಡಿಸುತ್ತಾರೆ.

ಆಲ್ಫಾ, ಬೀಟಾ ಎಂಬ ಹೆಸರುಗಳು ಹುಟ್ಟಿದ್ದು ಕೂದಲಿನಿಂದ ಎಂದು ತಿಳಿದ ಮೇಲೆ ನಾನು ಸುಮ್ಮನೆ ಕೂಡುವುದು ಸಾಧ್ಯವಿರಲಿಲ್ಲ. ಲೀಡ್ಸ್‌ನ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆ ಮತ್ತು ಕೂದಲಿನ ಮೇಲೆ ಕ್ಷ-ಕಿರಣ ಹಾಯಿಸಿ, ಎಳೆಯದ ಕೂದಲಿನ ಚಿತ್ರ ಒಂದು ಬಗೆ, ಹಬೆಯಲ್ಲಿ ಎಳೆದು ಹಿಗ್ಗಿಸಿದ ಕೂದಲಿನ ಚಿತ್ರ ಇನ್ನೊಂದು ಬಗೆ ಎಂದು ಕಂಡು, ಮೊದಲನೆಯದನ್ನು ಆಲ್ಫಾ, ಎರಡನೆಯದನ್ನು ಬೀಟಾ ಎಂದು ಕರೆದರು. ರೇಷ್ಮೆಯ ಚಿತ್ರ ಎಳೆಯುವ ಮೊದಲೇ ಬೀಟಾವನ್ನು ಹೋಲುತ್ತಿತ್ತು. ಕೂದಲು ನಮ್ಮ ಪಡಸಾಲೆಯಲ್ಲಿದೆ, ರೇಷ್ಮೆ ಪಕ್ಕದ ಮನೆಯಲ್ಲಿರುವ ಕಾಕಾನ ಮಗ್ಗದಲ್ಲಿದೆ.

ಕಾಕಾ ಕೊಟ್ಟ ಮೊದಲ ಎಳೆ ಕೃತಕ ರೇಷ್ಮೆಯದಾಗಿತ್ತು. ನಾನು ಏನು ಮಾಡಲಿದ್ದೇನೆಂದು ಹೇಳಿದ ಮೇಲೆ ಆತ ನಕ್ಕು, ಎರಡು ಎಳೆಗಳನ್ನು ಕಡ್ಡಿ ಗೀರಿ ಸುಟ್ಟು ತೋರಿಸಿದ. ಒಂದು ಕಾಗದದಂತೆ ಉರಿದು ಹೋಯಿತು. ಇನ್ನೊಂದು ಮುದುಡಿಕೊಂಡು, ಕೂದಲು ಸುಟ್ಟ ವಾಸನೆ ಕೊಟ್ಟು, ಒತ್ತಿದರೆ ಪುಡಿಯಾಗುವ ಕರಿಯ ಗುಂಡಾಯಿತು. ಕೃತಕ ರೇಷ್ಮೆ ಸೆಲ್ಯುಲೋಸ್, ನಿಜವಾದದ್ದು ಪ್ರೋಟೀನ್ ಎಂಬುದನ್ನು ಮೂಗು ಹೇಳಿತು.

20 ಸೆಂಟಿಮೀಟರಿನ ಒಣ ಕೂದಲೆಳೆ 24ಕ್ಕೆ ತುಸು ದಾಟಿ ಹರಿಯಿತು. ಬಿಸಿನೀರಿನಲ್ಲಿ ನೆನೆಸಿ, ಹಬೆಯ ಮೇಲೆ ಹಿಡಿದು, ನಿಧಾನವಾಗಿ ಎಳೆದದ್ದು 28ರವರೆಗೆ ಬಂತು. ಅಷ್ಟಕ್ಕೆ ಮೊದಲೇ ಬಿಟ್ಟ ಎಳೆ ನೀರಿನಲ್ಲಿ ತನ್ನ ಹಳೆಯ ಉದ್ದಕ್ಕೆ ಮರಳಿತು. ನೀರು ಹೈಡ್ರೋಜನ್ ಬಂಧಗಳನ್ನು ಸಡಿಲಿಸಿದಾಗ ಸುರುಳಿಗಳು ಬಿಚ್ಚಿ ಚಾಚಿಕೊಳ್ಳುತ್ತವೆ. ಗಂಧಕದ ಸೇತುವೆಗಳು ಬಿಡದೆ ಹಿಡಿದಿರುವುದರಿಂದ ಮತ್ತೆ ಒಳಕ್ಕೆ ಬರುತ್ತವೆ. ಅಷ್ಟೇ, ಅಂದರೆ 20 ಸೆಂಟಿಮೀಟರ್ ಉದ್ದದ ಒಣ ರೇಷ್ಮೆಯ ಎಳೆ 23ರ ಹತ್ತಿರ ಹರಿಯಿತು. ಆ ಮೂರು ಸೆಂಟಿಮೀಟರ್ ಎಲ್ಲಿಂದ ಬಂತು ಎಂದು ಮೇಡಂ ಅವರನ್ನು ಕೇಳಿದೆ. ಹಾಳೆಗಳ ಗಟ್ಟಿ ಕಟ್ಟುಗಳ ನಡುವೆ ಸಡಿಲವಾಗಿ ಬಿದ್ದಿರುವ ಭಾಗಗಳು ನೆಟ್ಟಗಾಗುವುದರಿಂದ ಎಂದರು. ಹಾಳೆಯೊಳಗೆ ಸರಪಳಿ ಆಗಲೇ ಪೂರ್ತಿ ಚಾಚಿಕೊಂಡಿರುವುದರಿಂದ ಅಲ್ಲಿ ಹಿಗ್ಗಲು ಏನೂ ಉಳಿದಿರುವುದಿಲ್ಲ. ರೇಷ್ಮೆಯ ಪ್ರೋಟೀನಾದ ಫೈಬ್ರಾಯಿನ್ನಿನಲ್ಲಿ ಗ್ಲೈಸಿನ್–ಸೆರಿನ್–ಗ್ಲೈಸಿನ್–ಅಲನಿನ್–ಗ್ಲೈಸಿನ್–ಅಲನಿನ್ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ನಿರಿಗೆಯಲ್ಲಿ ಪಾರ್ಶ್ವ ಗುಂಪುಗಳು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಇರುವುದರಿಂದ ಗ್ಲೈಸಿನ್‌ಗಳೆಲ್ಲ ಹಾಳೆಯ ಒಂದೇ ಮಗ್ಗುಲಿಗೆ ಬೀಳುತ್ತವೆ, ಹಾಳೆಗಳು ಒಂದರ ಮೇಲೊಂದು ಸಂದಿಲ್ಲದಂತೆ ಕೂಡುತ್ತವೆ. ಕಾಕಾನ ಕೈಗೆ ಬರುವ ಮೊದಲು ಈ ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆದಿರುತ್ತಾರೆ. ಮೊಟ್ಟೆಯನ್ನು ಕೆಡಿಸುವ ಕುದಿತ ಆ ಹಾಳೆಗಳನ್ನು ಅಲುಗಿಸುವುದಿಲ್ಲ.

ಎರಡನೆಯ ಆಂತರಿಕ ಪರೀಕ್ಷೆಯಲ್ಲಿ 17 ಬಂತು. ಆದರೆ ಒಂದು ಅಂಕಿ ಮಾತ್ರ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಆಸ್ಟ್‌ಬರಿಯವರ ಕ್ಷ-ಕಿರಣ ಚಿತ್ರದಲ್ಲಿ ಕೂದಲಿನ ಉದ್ದಕ್ಕೂ ಮರುಕಳಿಸುವ ಅಂತರ ಸುಮಾರು 5.1 ಆಂಗ್‌ಸ್ಟ್ರಾಮ್, ನನ್ನ ಸುರುಳಿಯ ಸುತ್ತು 5.4. ಪೌಲಿಂಗ್ ತಮ್ಮ ಕಾಗದವನ್ನು ಸುಮಾರು ಎರಡು ವರ್ಷ ಬದಿಗಿಟ್ಟದ್ದು ಇದೇ ವ್ಯತ್ಯಾಸದಿಂದ. 1951ರ ಲೇಖನ ಓದಿದ ಪೆರುಟ್ಜ್ ಕುದುರೆಯ ಕೂದಲಿನ ಕ್ಷ-ಕಿರಣ ಚಿತ್ರದಲ್ಲಿ 1.5 ಆಂಗ್‌ಸ್ಟ್ರಾಮಿನ ಗುರುತನ್ನು ಹುಡುಕಿ ಕಂಡರು, ಆದ್ದರಿಂದ ಸುರುಳಿ ನಿಜ. ಹಾಗಿದ್ದರೆ 5.1 ಏಕೆ? ಕೂದಲಿನ ಪ್ರೋಟೀನಾದ ಕೆರಾಟಿನ್ನಿನಲ್ಲಿ ಸುರುಳಿಗಳು ಒಂಟಿಯಾಗಿರದೆ ಒಂದರ ಸುತ್ತ ಒಂದು ಎಡಗೈ ದಿಕ್ಕಿನಲ್ಲಿ ಹೊಸೆದುಕೊಂಡಿರುತ್ತವೆ ಎಂದು ಫ್ರಾನ್ಸಿಸ್ ಕ್ರಿಕ್ ಕೊಟ್ಟ ವಿವರಣೆ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿತ್ತು. ಹಾಗೆ ಹೊಸೆದಾಗ ಸುತ್ತಿಗೆ 3.6 ಇದ್ದದ್ದು ಒಟ್ಟು ಅಕ್ಷದ ಲೆಕ್ಕದಲ್ಲಿ 3.5 ಆಗುತ್ತದೆ, ಎರಡು ಸುತ್ತಿಗೆ ಸರಿಯಾಗಿ ಏಳು. ಜೊತೆಗೆ ಎಳೆ ವಾಲುವುದರಿಂದ ಎತ್ತರ ಇನ್ನಷ್ಟು ತಗ್ಗುತ್ತದೆ.

ಎರಡು ಕಾಗದದ ಸುರುಳಿಗಳನ್ನು ಹಿಡಿದು ನಾನು ಮಗ್ಗದ ಪಕ್ಕ ಒದ್ದಾಡುತ್ತಿದ್ದಾಗ ಕಾಕಾ ಲಾಳಿ ನಿಲ್ಲಿಸಿ ಅವುಗಳನ್ನು ತನ್ನ ಕೈಗೆ ತೆಗೆದುಕೊಂಡ. "ಒಂಟಿ ಎಳಿ ಬಲಕ್ಕ ತಿರುವಿದ್ದಿ ಅಂದ್ರ ಜೋಡಿ ಎಳಿ ಎಡಕ್ಕ ತಿರುವಬೇಕವ್ವಾ, ಇಲ್ಲಂದ್ರ ನಿಲ್ಲೂದಿಲ್ಲ," ಎಂದು ಹೇಳಿ ಎಡಕ್ಕೆ ಹೊಸೆದು, ತುದಿಗಳನ್ನು ನೂಲಿನಿಂದ ಬಿಗಿದು ಕೊಟ್ಟ. ಅಳತೆ ಪಟ್ಟಿ ಇಟ್ಟು ನೋಡಿದೆ. 27 ಸೆಂಟಿಮೀಟರ್ ಇದ್ದದ್ದು 26ಕ್ಕೆ ಇಳಿದಿತ್ತು. ನಾನು ಅದನ್ನು ಎರಡು ಸಲ ಅಳೆಯುವುದನ್ನು ಕಂಡು ಕಾಕಾ, "ಹುರಿ ಹಾಕಿದ ಮ್ಯಾಲ ನೂಲು ಗಿಡ್ಡ ಆಗೂದ, ಅದರಾಗ ಅಳೆಯೂದೇನೈತಿ?" ಎಂದು ಲಾಳಿ ಎಸೆದ.